ಎಂಜಿನ್ ಏರಿನಲ್ಲಿ ಮಾತ್ರ ಬಿಸಿಯಾಗುತ್ತಿದ್ದರೆ ಮೊದಲು ಮಂಚ ಎತ್ತಿ ನೋಡಿ

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. 2003ರ ಸೆಕೆಂಡ್ ಹ್ಯಾಂಡ್ ಡೀಸೆಲ್ ಮೋಟರ್‌ಹೋಮ್ (ಒಳಗೇ ಮನೆಯಿರುವ ಗಾಡಿ), ಹಿಂಭಾಗದಲ್ಲಿ 5.9 ಲೀಟರ್ ಕಮ್ಮಿನ್ಸ್ ಎಂಜಿನ್. ಸಪಾಟು ರಸ್ತೆಯಲ್ಲಿ ಏನೂ ತೊಂದರೆ ಇಲ್ಲ. ಏರು ಬಂದರೆ ಎಂಜಿನ್ ಬಿಸಿ ತೋರಿಸುವ ಮುಳ್ಳು 220 ಫ್ಯಾರನ್‌ಹೀಟ್ ದಾಟುತ್ತದೆ, ಹಿಂದೆ ಕಪ್ಪು ಹೊಗೆ. ಥರ್ಮೋಸ್ಟಾಟ್, ವಾಟರ್ ಪಂಪ್ ಎರಡೂ ಹೊಸದು ಹಾಕಿಸಿದ್ದೀರಿ. ಮೂರು ವರ್ಷದ ಹಿಂದೆ ನಾನೂ ಅಕ್ಷರಕ್ಷರ ಇದನ್ನೇ ಕೇಳುತ್ತಿದ್ದೆ.

ನನ್ನ ಗಾಡಿ ಕೈಕೊಟ್ಟಿದ್ದು ಲಾಸ್ ವೇಗಸ್ ದಾರಿಯಲ್ಲಿ, ಅಮೆರಿಕದ ಐ-15 ಹೆದ್ದಾರಿಯ ಬೇಕರ್ ಏರಿನಲ್ಲಿ. ಬೇಕರ್ ಸಮುದ್ರಮಟ್ಟದಿಂದ ಸಾವಿರ ಅಡಿಯೂ ಇಲ್ಲ, ಮೇಲೆ ಹ್ಯಾಲೋರನ್ ಸಮಿಟ್ ಸುಮಾರು 4,000 ಅಡಿ. ಆ ಊರಲ್ಲಿ 134 ಅಡಿ ಎತ್ತರದ ಥರ್ಮಾಮೀಟರ್ ಬೇರೆ ನಿಲ್ಲಿಸಿದ್ದಾರೆ, ಗಾಯದ ಮೇಲೆ ಉಪ್ಪು ಸವರಿದ ಹಾಗೆ. ಅರ್ಧ ಏರುವಷ್ಟರಲ್ಲಿ ಮುಳ್ಳು 225. ಮನೆಗೆ ಬಂದು ಒಂದು ವರ್ಕ್‌ಶಾಪಿಗೆ ಬಿಟ್ಟೆ. ಅವರೂ ಥರ್ಮೋಸ್ಟಾಟ್, ಪಂಪ್ ಬದಲಿಸಿ ದೊಡ್ಡ ಬಿಲ್ ಕೊಟ್ಟರು. ಮುಂದಿನ ಏರಿನಲ್ಲಿ ಮತ್ತೆ ಅದೇ ಕಥೆ.

ಈ ಗಾಡಿಗಳಲ್ಲಿ ರೇಡಿಯೇಟರ್ ಹಿಂದುಗಡೆ ಇದ್ದರೆ ಜೋಡಣೆ ಹೀಗಿರುತ್ತದೆ: ಎಂಜಿನ್, ಅದರ ಹಿಂದೆ ಫ್ಯಾನ್, ಆಮೇಲೆ ಟರ್ಬೊ ಗಾಳಿ ತಣಿಸುವ ಚಾರ್ಜ್ ಏರ್ ಕೂಲರ್, ಕೊನೆಗೆ ರೇಡಿಯೇಟರ್. ಫ್ಯಾನ್ ಗಾಡಿಯ ಕೆಳಗಿನ ಗಾಳಿ ಎಳೆದು ಹಿಂದಕ್ಕೆ ದೂಡುತ್ತದೆ. ಕೊಳೆ ಕೂರುವುದು ಎಂಜಿನ್ ಕಡೆಯ ಮುಖದ ಮೇಲೆ. ನೀವು ಹಿಂದಿನ ಬಾಗಿಲು ತೆರೆದು ನೋಡಿದರೆ ಕಾಣುವುದು ರೇಡಿಯೇಟರಿನ ಬೆನ್ನು, ಅದು ಯಾವಾಗಲೂ ಕ್ಲೀನಾಗಿಯೇ ಇರುತ್ತದೆ. ಮೆಕ್ಯಾನಿಕ್ ಕೂಡ ಅಲ್ಲಿಂದಲೇ ನೋಡಿ 'ರೇಡಿಯೇಟರ್ ಚೆನ್ನಾಗಿದೆ ಸಾರ್' ಅಂದುಬಿಡುತ್ತಾನೆ.

ಬೆಡ್‌ರೂಮಿನ ಮಂಚ ಎತ್ತಿ. ಅದರಡಿಯ ಹಲಗೆ ಬಿಚ್ಚಿದರೆ ಎಂಜಿನ್ ಸಿಗುತ್ತದೆ. ಟಾರ್ಚ್ ಹಿಡಿದು ಫ್ಯಾನಿನ ರೆಕ್ಕೆಗಳ ಸಂದಿಯಿಂದ ಕೂಲರ್ ಮುಖ ನೋಡಿ. ನನ್ನದರಲ್ಲಿ ಫಿನ್‌ಗಳೇ (ತೆಳು ಲೋಹದ ಪಟ್ಟಿಗಳು) ಕಾಣಲಿಲ್ಲ. ದೋಸೆ ಹೆಂಚಿನ ತಳದ ಕರಿಯಂಥ ಒಂದು ಪದರ, ಉಗುರಿನಿಂದ ಕೆರೆದರೆ ಕಂಬಳಿಯ ಹಾಗೆ ಎದ್ದು ಬಂತು. ಕಾರಣ ಒಂದು ಸಣ್ಣ ಕೊಳವೆ, ಎಂಜಿನ್ನಿನ ಬ್ರೀದರ್ ಟ್ಯೂಬ್. ಅದರಿಂದ ಬರುವ ಎಣ್ಣೆಯ ಆವಿಯನ್ನು ಫ್ಯಾನ್ ಎಳೆದು ಕೂಲರಿಗೆ ಬಳಿಯುತ್ತದೆ, ರಸ್ತೆಯ ಧೂಳು ಅದಕ್ಕೆ ಅಂಟುತ್ತದೆ. ಸಪಾಟು ರಸ್ತೆಯಲ್ಲಿ ಉಳಿದಿರುವ ಗಾಳಿಯೇ ಸಾಕು, ಏರಿನಲ್ಲಿ ಸಾಲುವುದಿಲ್ಲ.

ತೊಳೆಯುವಾಗ ಎಂಜಿನ್ ತಣ್ಣಗಿರಲಿ, ಬ್ಯಾಟರಿ ಡಿಸ್‌ಕನೆಕ್ಟ್ ಮಾಡಿ. ಅಲ್ಯೂಮಿನಿಯಂಗೆ ತೊಂದರೆ ಮಾಡದ ಡಿಗ್ರೀಸರ್ ಸಿಂಪಡಿಸಿ, ಅರ್ಧ ಗಂಟೆ ಬಿಟ್ಟು ತೋಟದ ಪೈಪಿನಿಂದ ನೀರು ಬಿಡಿ. ಪ್ರೆಷರ್ ವಾಷರ್ ಬೇಡವೇ ಬೇಡ, ಫಿನ್‌ಗಳು ಮಡಚಿಕೊಂಡರೆ ಇದ್ದ ದಾರಿಯೂ ಮುಚ್ಚುತ್ತದೆ. ನನಗೆ ಆರು ಸಲ ಬೇಕಾಯಿತು. ಮೊದಲ ಮೂರು ಸಲ ಕೆಳಗೆ ಇಳಿದದ್ದು ಗಟ್ಟಿ ಡಿಕಾಕ್ಷನ್ ಥರದ ನೀರು. ಆಮೇಲೆ ಬ್ರೀದರ್ ಟ್ಯೂಬಿಗೆ ಒಂದು ತುಂಡು ಹೋಸ್ ಸೇರಿಸಿ, ಬಾಯಿಯನ್ನು ಫ್ಯಾನಿನಿಂದ ದೂರ, ಕೆಳಮುಖವಾಗಿ ಇಟ್ಟೆ. ಇದನ್ನು ಮಾಡದಿದ್ದರೆ ಸುಮ್ನೆ ವರ್ಷವರ್ಷ ತೊಳೆಯುತ್ತಾ ಇರಬೇಕು.

ಈಗ ಹೊಗೆ. ಕಪ್ಪು ಹೊಗೆ ಅಂದರೆ ಡೀಸೆಲ್ ಜಾಸ್ತಿ, ಗಾಳಿ ಕಮ್ಮಿ. ಏರ್ ಫಿಲ್ಟರ್ ನೋಡಿ, ಅದು ಎರಡು ನಿಮಿಷದ ಕೆಲಸ. ಆಮೇಲೆ ಟರ್ಬೊದಿಂದ ಕೂಲರಿಗೆ, ಕೂಲರಿನಿಂದ ಎಂಜಿನ್ನಿಗೆ ಹೋಗುವ ಕೊಳವೆಗಳನ್ನು ಜೋಡಿಸುವ ರಬ್ಬರ್ ಬೂಟ್‌ಗಳ ಅಡಿಯಲ್ಲಿ ಕೈಯಾಡಿಸಿ. ನನ್ನದರಲ್ಲಿ ಒಂದು ಕ್ಲಾಂಪ್ ಸಡಿಲವಿತ್ತು, ಬೂಟಿನ ತಳದಲ್ಲಿ ಕೂದಲೆಳೆಯಷ್ಟು ಸೀಳು. ನಿಂತಾಗ ಏನೂ ಕಾಣದು, ಲೋಡ್ ಬಿದ್ದಾಗ ಮಾತ್ರ ಬಾಯಿ ತೆರೆಯುತ್ತದೆ. ಏರುವಾಗ ಹಿಂದಿನಿಂದ ಉಸ್ಸೆನ್ನುವ ಸದ್ದು ಬರುತ್ತದೆಯಾ? ಹಾಗಿದ್ದರೆ ಅನುಮಾನವೇ ಬೇಡ. ಗಾಳಿ ಕಮ್ಮಿಯಾದರೆ ಎಕ್ಸಾಸ್ಟ್ ಬಿಸಿಯೂ ಏರುತ್ತದೆ. ಅಂದರೆ ನಿಮ್ಮ ಎರಡು ಕಾಯಿಲೆಗಳು ಒಂದಕ್ಕೊಂದು ನೆಂಟರು.

ಹಾಗೆಯೇ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮತ್ತು ಟರ್ಬೊ ಜಾಯಿಂಟ್‌ಗಳ ಸುತ್ತ ಒಣಗಿದ ಮಸಿ ಇದೆಯಾ ನೋಡಿ. ಇದ್ದರೆ ಗ್ಯಾಸ್ಕೆಟ್ ಲೀಕ್. ಆ ಮಸಿಯೂ ಫ್ಯಾನಿಗೆ ಸಿಕ್ಕಿ ಕೂಲರಿಗೇ ಹೋಗುತ್ತದೆ. ಅದಕ್ಕಿಂತ ಮುಖ್ಯ, ಎಂಜಿನ್ನಿನ ಮೇಲೆಯೇ ನಿಮ್ಮ ಮಂಚ ಇದೆ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ. ಅಲಾರಂ ಹಳೆಯದಾಗಿದ್ದರೆ ಇವತ್ತೇ ಬದಲಿಸಿ, ಹಲಗೆಯ ಸುತ್ತಲಿನ ಸೀಲ್ ಕೂಡ.

ಇವೆಲ್ಲ ಸರಿ ಇದ್ದೂ ಬಿಸಿಯಾದರೆ ಕೂಲಂಟಿನ ಒತ್ತಡ ಹಿಡಿಯುವ ಮುಚ್ಚಳ, ಅಂದರೆ ಪ್ರೆಷರ್ ಕ್ಯಾಪ್ ಬದಲಿಸಿ, ದುಡ್ಡು ಜಾಸ್ತಿಯಾಗಲ್ಲ. ಅರ್ಧ ನೀರು, ಅರ್ಧ ಕೂಲಂಟ್ ಮಿಶ್ರಣ 15 ಪಿಎಸ್‌ಐ ಒತ್ತಡದಲ್ಲಿ ಸುಮಾರು 265 ಫ್ಯಾರನ್‌ಹೀಟಿಗೆ ಕುದಿಯುತ್ತದೆ. ಕ್ಯಾಪ್ ಒತ್ತಡ ಹಿಡಿಯದಿದ್ದರೆ 225ರ ಹತ್ತಿರವೇ ಕುದಿಯಲು ಶುರು. ಬಿಸಿ ಇರುವಾಗ ಮಾತ್ರ ಮುಟ್ಟಬೇಡಿ. ಮುಟ್ಟದೆ ಬಿಸಿ ಅಳೆಯುವ ಒಂದು ಇನ್‌ಫ್ರಾರೆಡ್ ಗನ್ ತಗೊಂಡು ಥರ್ಮೋಸ್ಟಾಟ್ ಹೌಸಿಂಗ್ ಮೇಲೂ ಹಿಡಿದು ನೋಡಿ, ಡ್ಯಾಶ್‌ಬೋರ್ಡಿನ ಮುಳ್ಳು ಸುಳ್ಳು ಹೇಳುವುದೂ ಉಂಟು. ಬಿಳಿ ಹೊಗೆ, ಸಿಹಿ ವಾಸನೆ, ಕೂಲಂಟ್ ಟ್ಯಾಂಕಿನಲ್ಲಿ ನಿಲ್ಲದ ಗುಳ್ಳೆಗಳು ಕಂಡರೆ ಹೆಡ್ ಗ್ಯಾಸ್ಕೆಟ್ ಅನುಮಾನ. ಅದು ಮನೆಯಲ್ಲಿ ಮಾಡುವ ಕೆಲಸ ಅಲ್ಲ.

ಓಡಿಸುವ ರೀತಿಯೂ ಲೆಕ್ಕಕ್ಕೆ ಬರುತ್ತದೆ. ಟಾಪ್ ಗೇರಿನಲ್ಲಿ 1,500 ಆರ್‌ಪಿಎಂಗೆ ಎಳೆಸುತ್ತೇನೆ ಅಂತ ಬರೆದಿದ್ದೀರಿ, ಅದು ಬೇಡ. ಪಂಪ್ ಮತ್ತು ಫ್ಯಾನ್ ಎಂಜಿನ್ ವೇಗಕ್ಕೇ ಕಟ್ಟುಬಿದ್ದಿವೆ. ಏರು ಶುರುವಾಗುವ ಮೊದಲೇ ಗೇರ್ ಇಳಿಸಿ, 2,000ದ ಮೇಲೆ ತಿರುಗಲಿ. ಶಿರಾಡಿಯಲ್ಲಿ ಲೋಡ್ ಲಾರಿಗಳು ಅರಚಿಕೊಂಡು ಆಮೆಯ ಹಾಗೆ ಹತ್ತುತ್ತವಲ್ಲ, ಹಾಗೆ. ಎಸಿ ಆಫ್ ಮಾಡಿ. ಮೇಲೆ ತಲುಪಿದ ತಕ್ಷಣ ಎಂಜಿನ್ ನಿಲ್ಲಿಸದೆ ಮೂರ್ನಾಲ್ಕು ನಿಮಿಷ ಐಡಲ್‌ನಲ್ಲಿ ಬಿಡಿ, ಟರ್ಬೊ ತಣಿಯಲಿ. ಕೂಲಂಟ್ ಸೋರುತ್ತಿದ್ದರೆ ಮಾತ್ರ ಕೂಡಲೇ ನಿಲ್ಲಿಸಬೇಕು.

ನಿಮ್ಮ ರೇಡಿಯೇಟರ್ ಹಿಂದೆ ಇದೆಯೋ ಪಕ್ಕದಲ್ಲೋ ಅಂತ ಹೇಳಿಲ್ಲ. ಪಕ್ಕದಲ್ಲಿದ್ದರೆ ಫ್ಯಾನ್ ಹೈಡ್ರಾಲಿಕ್ ಇರಬಹುದು, ಆಗ ಹುಡುಕುವ ಜಾಗವೇ ಬೇರೆ. ಮಂಚ ಎತ್ತಿದ ಮೇಲೆ ಒಂದು ಫೋಟೋ ಹಾಕಿ.