ಓದುಗರ ಪ್ರಶ್ನೆ: ಕಾರವಾರದಿಂದ ಘಟ್ಟ ಹತ್ತಿ ಊರಿಗೆ

ದೀಪಾವಳಿ ರಜೆ ಸಮೀಪಿಸಿದಂತೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಪತ್ರಗಳಲ್ಲಿ ಒಂದೇ ಮಾತು: ಸ್ವಂತ ಕಾರಿನಲ್ಲಿ ಕರಾವಳಿಗೆ ಹೋಗಿ, ಅಲ್ಲಿಂದ ಘಟ್ಟ ಹತ್ತಿ ಕಾಡಿನ ದಾರಿಯಲ್ಲಿ ಮರಳಬೇಕು. ಬಯಲುಸೀಮೆಯ ನೇರ ರಸ್ತೆಯಲ್ಲಿ ಕೈ ಪಳಗಿದವರು ಘಟ್ಟದಲ್ಲಿ ಮುಖ್ಯವಾಗಿ ಬದಲಿಸಿಕೊಳ್ಳಬೇಕಾದ ರೂಢಿ ಒಂದೇ. ವೇಗವನ್ನು ಗೇರಿನಿಂದ ಹಿಡಿಯಬೇಕು, ಬ್ರೇಕನ್ನು ಉಳಿಸಿಕೊಳ್ಳಬೇಕು. ವಾಹನ ದುರಸ್ತಿ ಮತ್ತು ಚಾಲನಾ ತರಬೇತಿಯಲ್ಲಿರುವ ನಮ್ಮ ಅಂಕಣಕಾರರು ಉತ್ತರಿಸಿದ್ದಾರೆ.

ಪ್ರಶ್ನೆ: ಕಾರವಾರದಲ್ಲಿ ಎರಡು ದಿನ ಇದ್ದು, ಹೋದ ದಾರಿಯಲ್ಲೇ ಮರಳದೆ ಅಣಶಿ, ಜೊಯಿಡಾ, ದಾಂಡೇಲಿ ಮೇಲೆ ಧಾರವಾಡಕ್ಕೆ ಬರುವ ವಿಚಾರವಿದೆ. ದಾರಿ ಹೇಗಿದೆ, ಎಷ್ಟು ಹೊತ್ತು ಹಿಡಿಯುತ್ತದೆ?
– ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಒಳ್ಳೆಯ ವಿಚಾರ. ಹೋಗುವಾಗ ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದರೆ ಅಂಕೋಲಾ. ರಾಷ್ಟ್ರೀಯ ಹೆದ್ದಾರಿ 52ರಲ್ಲಿ ಅಲ್ಲಿಯವರೆಗೆ ಸುಮಾರು 130 ಕಿ.ಮೀ. ಅಲ್ಲಿಂದ ಹೆದ್ದಾರಿ 66 ಹಿಡಿದು ಕಾರವಾರಕ್ಕೆ ಇನ್ನು ಸುಮಾರು 35. ಊಟ-ಚಹಾ ಬಿಟ್ಟು ನಾಲ್ಕು ತಾಸು ಇಟ್ಟುಕೊಳ್ಳಿ. ಅರಬೈಲ್ ಘಟ್ಟದ ರಸ್ತೆ ಅಗಲವಿದೆ, ಆದರೆ ಹಗಲು-ರಾತ್ರಿ ಲಾರಿ, ಟ್ಯಾಂಕರ್‌ಗಳ ಸಾಲು ಇರುತ್ತದೆ.

ಮರಳುವ ದಾರಿ ಕದ್ರಾ, ಅಣಶಿ, ಜೊಯಿಡಾ, ದಾಂಡೇಲಿ, ಹಳಿಯಾಳ ಮೇಲೆ ಧಾರವಾಡಕ್ಕೆ. ದೂರ ಹೆಚ್ಚು ಕಡಿಮೆ ಅಷ್ಟೇ, ಹೊತ್ತು ಮಾತ್ರ ಹೆಚ್ಚು. ಐದು ತಾಸು ಕೈಯಲ್ಲಿರಲಿ. ಕದ್ರಾ ದಾಟಿದ ಮೇಲೆ ಸಮುದ್ರಮಟ್ಟದ ಬಯಲು ಮುಗಿದು ರಸ್ತೆ ಒಮ್ಮೆಲೇ ಏರತೊಡಗುತ್ತದೆ. ಇಕ್ಕಟ್ಟು ರಸ್ತೆ, ಒಂದರ ಹಿಂದೆ ಒಂದು ತಿರುವು, ಎರಡೂ ಬದಿ ದಟ್ಟ ಕಾಡು. ಇದು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ನಡುದಾರಿಯಲ್ಲಿ ಇಳಿದು ಬುತ್ತಿ ಬಿಚ್ಚುವುದು, ಮಂಗಗಳಿಗೆ ತಿನಿಸು ಎಸೆಯುವುದು ಬೇಡ. ತಿನಿಸಿನ ಆಸೆಗೆ ರಸ್ತೆಗೆ ಬಂದ ಮಂಗ ಹಿಂದೆ ಬರುವ ಗಾಡಿಯ ಕೆಳಗೆ ಸಿಗುತ್ತದೆ.

ಎಣ್ಣೆಯನ್ನು ಕಾರವಾರದಲ್ಲೇ ತುಂಬಿಸಿ. ಘಟ್ಟದಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ, ಆದ್ದರಿಂದ ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ. ಬೆಳಿಗ್ಗೆ 8ಕ್ಕೆ ಕಾರವಾರ ಬಿಟ್ಟರೆ ಮಧ್ಯಾಹ್ನದ ಊಟಕ್ಕೆ ಜೊಯಿಡಾ ಅಥವಾ ದಾಂಡೇಲಿ.

"ರಾತ್ರಿ ಎರಡಕ್ಕೆ ಬಿಟ್ಟರೆ ಬೆಳಕು ಹರಿಯೂದ್ರಾಗ ಸಮುದ್ರ" ಎಂಬ ಲೆಕ್ಕ ನಮ್ಮ ಕಡೆ ಬಹಳ ಜನರಿಗಿದೆ. ಅದನ್ನು ದಯವಿಟ್ಟು ಬಿಡಿ. ನಿದ್ದೆಗೆಟ್ಟ ಕಣ್ಣು, ಮಂಜು, ಎದುರು ಲಾರಿಯ ಬೆಳಕು ಮೂರೂ ಘಟ್ಟದಲ್ಲೇ ಕೂಡಿ ಬರುತ್ತವೆ. ಸವಣೂರಿನಿಂದ ಕುಮಟಾ ಸಂತೆಗೆ ತರಕಾರಿ ಒಯ್ಯುತ್ತಿದ್ದ ಲಾರಿ 2025ರ ಜನವರಿ 22ರ ನಸುಕಿನಲ್ಲಿ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರ ಬಳಿ ಕಮರಿಗೆ ಉರುಳಿ 10 ಜನ ಪ್ರಾಣ ಬಿಟ್ಟರು. ಅದು ನೀವು ಹೋಗುವಾಗ ಹಿಡಿಯುವ ಇದೇ ಅರಬೈಲ್ ಕಡೆಯ ದಾರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಡ್ಡ ಕುಸಿತದ ಭಯವೂ ಸೇರುತ್ತದೆ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೇ ಕುಸಿದು ಬಿತ್ತು. ಮಳೆಗಾಲದಲ್ಲಿ ಹೊರಡಲೇಬೇಕಾದರೆ ಜಿಲ್ಲಾಡಳಿತದ ಸೂಚನೆಯನ್ನು ಹೊರಡುವ ದಿನವೇ ನೋಡಿ, ಹಿಂದಿನ ವಾರದ ಸುದ್ದಿ ನಂಬಬೇಡಿ.

ಪ್ರಶ್ನೆ: ಹೋದ ಸಲ ಅರಬೈಲ್ ಘಟ್ಟ ಇಳಿಯೂ ಮುಂದ ಮುಂದಿನ ಗಾಲಿಯಿಂದ ಸುಟ್ಟ ವಾಸನಿ ಬಂತ್ರಿ. ಬ್ರೇಕ್ ಒತ್ತಿದ್ರ ಗಾಡಿ ಮೊದಲಿನಂಗ ನಿಲ್ಲವಲ್ದಾಗಿತ್ತು. ಗ್ಯಾರೇಜಿನ್ಯಾಗ ತೋರ್ಸಿದ್ರ ಎಲ್ಲಾ ಸರಿ ಐತಿ ಅಂದ್ರು. ಹಂಗಾದ್ರ ಏನಾಗಿತ್ರಿ?
– ಬೆಟಗೇರಿ, ಗದಗ

ಉತ್ತರ: ಗ್ಯಾರೇಜಿನವರು ಹೇಳಿದ್ದು ಸುಳ್ಳಲ್ಲ. ಬ್ರೇಕ್ ಕೆಟ್ಟಿರಲಿಲ್ಲ, ಕಾದಿತ್ತು. ಇಳಿಜಾರಿನಲ್ಲಿ ಗಾಡಿಯ ವೇಗ ತಡೆದಷ್ಟೂ ಪ್ಯಾಡು, ಡಿಸ್ಕಿನಲ್ಲಿ ಶಾಖ ಹುಟ್ಟುತ್ತದೆ. ಒತ್ತಿ ಬಿಟ್ಟರೆ ನಡುವೆ ಗಾಳಿಗೆ ಆರುತ್ತದೆ. ಆದರೆ ಬಹಳ ಜನ ನಾಲ್ಕನೇ ಗೇರಿನಲ್ಲೋ ನ್ಯೂಟ್ರಲ್‌ನಲ್ಲೋ ಇಳಿಯುತ್ತ, ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಕಿಲೋಮೀಟರುಗಟ್ಟಲೆ ಮೆಲ್ಲಗೆ ಒತ್ತಿರುತ್ತಾರೆ. ಆಗ ಆರಲು ಎಡೆಯೇ ಸಿಗದೆ ಪ್ಯಾಡಿನ ಹಿಡಿತ ಸೋಲುತ್ತದೆ.

ಮುಂದಿನ ಸಲ ಹೀಗೆ ಇಳಿಯಿರಿ. ಇಳಿಜಾರು ಶುರುವಾಗುವ ಮೊದಲೇ ವೇಗ ತಗ್ಗಿಸಿ ಮೂರನೇ ಗೇರು, ಕಡಿದಾದ ಹೇರ್‌ಪಿನ್ ತಿರುವಿಗೆ ಎರಡನೇ ಗೇರು. ಹತ್ತುವಾಗ ಯಾವ ಗೇರು ಬೇಕಾಗುತ್ತದೋ ಇಳಿಯುವಾಗಲೂ ಅದೇ ಗೇರು ಎಂಬ ಹಳೆಯ ಲಾರಿ ಚಾಲಕರ ಮಾತು ಕಾರಿಗೂ ಸರಿ. ಎಂಜಿನ್ ದನಿ ಏರುತ್ತದೆ, ಆರ್‌ಪಿಎಂ ಮುಳ್ಳು 3000 ದಾಟಬಹುದು, ಹೆದರಬೇಡಿ. ಕೆಂಪು ಗೆರೆ ಮುಟ್ಟದಿದ್ದರೆ ಎಂಜಿನ್‌ಗೆ ಏನೂ ಆಗುವುದಿಲ್ಲ. ವೇಗ ಹೆಚ್ಚಿತು ಅನ್ನಿಸಿದಾಗ ಬ್ರೇಕನ್ನು ಗಟ್ಟಿಯಾಗಿ ಒತ್ತಿ 10 ಕಿ.ಮೀ.ನಷ್ಟು ವೇಗ ಇಳಿಸಿ ಪೂರ್ತಿ ಬಿಡಿ. ಕಾಲು ಪೆಡಲಿನಿಂದ ಈಚೆ ಬರಲಿ.

ಎಣ್ಣೆ ಉಳಿಯುತ್ತದೆಂದು ನ್ಯೂಟ್ರಲ್ ಹಾಕುವವರಿಗೆ ಒಂದು ಮಾತು. ಈಗಿನ ಇಂಜೆಕ್ಷನ್ ಎಂಜಿನ್‌ಗಳು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಧನವನ್ನೇ ನಿಲ್ಲಿಸಿಬಿಡುತ್ತವೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಿರಲು ಇಂಧನ ಸುಡಲೇಬೇಕು. ಎಂದರೆ ಉಳಿತಾಯ ಇರುವುದು ಗೇರಿನಲ್ಲೇ. ಕೀಲಿ ತಿರುವಿ ಎಂಜಿನ್ ಬಂದ್ ಮಾಡಿ ಇಳಿಯುವುದಂತೂ ಪ್ರಾಣಕ್ಕೇ ಸಂಚಕಾರ. ಎರಡು-ಮೂರು ಸಲ ಒತ್ತುವುದರೊಳಗೆ, ಪೆಡಲ್ ಹಗುರಾಗಿ ಒತ್ತಲು ನೆರವಾಗುವ ಬ್ರೇಕ್ ಬೂಸ್ಟರಿನ ನಿರ್ವಾತ ಮುಗಿದು ಪೆಡಲ್ ಕಲ್ಲಾಗುತ್ತದೆ, ಸ್ಟೇರಿಂಗ್ ಭಾರವಾಗುತ್ತದೆ.

ವಾಸನೆ ಬಂದರೆ ತಿರುವಿನಲ್ಲಲ್ಲದ, ಅಗಲ ಜಾಗ ನೋಡಿ ನಿಲ್ಲಿಸಿ. ಮೊದಲನೇ ಗೇರು ಹಾಕಿ ಗಾಲಿಗೆ ಕಲ್ಲು ಕೊಡಿ. ಅರ್ಧ ತಾಸು ತಾನಾಗಿ ಆರಲಿ. ಬಾಟಲಿ ನೀರು ಸುರಿಯಬೇಡಿ, ಕಾದ ಡಿಸ್ಕು ಸೊಟ್ಟಾಗಿ ಆಮೇಲೆ ಬ್ರೇಕ್ ಹಿಡಿದಾಗಲೆಲ್ಲ ಸ್ಟೇರಿಂಗ್ ನಡುಗುತ್ತದೆ.

ಪೆಡಲ್ ಹೇಗಿತ್ತು ಎಂಬುದನ್ನು ನೆನಪಿಸಿಕೊಳ್ಳಿ. ಗಟ್ಟಿಯಾಗಿಯೇ ಇದ್ದು ಗಾಡಿ ನಿಲ್ಲದಿದ್ದರೆ ಪ್ಯಾಡು ಕಾದದ್ದು. ಮೆತ್ತಗಾಗಿ ಕೆಳಗಿಳಿದಿದ್ದರೆ ಬ್ರೇಕ್ ಆಯಿಲ್ ಕುದ್ದು ಆವಿಯಾದದ್ದು, ಇದು ಹೆಚ್ಚು ಅಪಾಯದ್ದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 4 ಮಾನದಂಡದ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವಂತಿಲ್ಲ. ತೇವ ಹೀರಿದ್ದಕ್ಕೆ ಆ ಮಿತಿ 155 ಮಾತ್ರ. ಎರಡು ವರ್ಷ ದಾಟಿದ್ದರೆ, ನೋಡಲು ಚೆನ್ನಾಗಿಯೇ ಇದ್ದರೂ ಬದಲಿಸಿ. ಪ್ಯಾಡು 3 ಮಿ.ಮೀ.ಗೆ ಬಂದಿದ್ದರೆ ಅದನ್ನೂ ಹೊರಡುವ ಮೊದಲೇ ಹಾಕಿಸಿ. ಇಳಿಯುತ್ತಿರುವಾಗಲೇ ಪೆಡಲ್ ಕೆಳಗೆ ಹೋಯಿತೆನ್ನಿ: ಬೇಗಬೇಗ ಪಂಪ್ ಮಾಡಿ, ಒಂದೊಂದೇ ಗೇರು ಇಳಿಸಿ, ಹ್ಯಾಂಡ್‌ಬ್ರೇಕನ್ನು ಒಮ್ಮೆಲೇ ಜಗ್ಗದೆ ಹಂತಹಂತವಾಗಿ ಎಳೆಯಿರಿ, ಗುಡ್ಡದ ಬದಿಗೆ ತನ್ನಿ.

ಪ್ರಶ್ನೆ: ನಾನು ಕಾರು ಕಲಿತು ಒಂದು ವರ್ಷವಾಯಿತು. ಏರಿನಲ್ಲಿ ಮುಂದಿನ ಲಾರಿ ನಿಂತಾಗ ನನ್ನ ಗಾಡಿ ಹಿಂದೆ ಜಾರುತ್ತದೆ. ಅಣಶಿ ಘಟ್ಟವನ್ನು ನಾನೇ ಹತ್ತಿಸಬೇಕೆಂಬ ಆಸೆಯಿದೆ.
– ಸಪ್ತಾಪುರ, ಧಾರವಾಡ

ಉತ್ತರ: ಖಂಡಿತ ಹತ್ತಿಸಿ. ಅದಕ್ಕೂ ಮೊದಲು ಧಾರವಾಡದ ಯಾವುದಾದರೂ ಖಾಲಿ ಏರಿನಲ್ಲಿ ಎರಡು ಮುಂಜಾವು ಅಭ್ಯಾಸ ಮಾಡಿ. ಹ್ಯಾಂಡ್‌ಬ್ರೇಕ್ ಎಳೆದು ಮೊದಲನೇ ಗೇರು ಹಾಕಿ. ಆಕ್ಸಿಲರೇಟರ್ ಸ್ವಲ್ಪ ಕೊಟ್ಟು ಕ್ಲಚ್ಚನ್ನು ನಿಧಾನ ಬಿಡುತ್ತ ಬನ್ನಿ. ಒಂದು ಹಂತದಲ್ಲಿ ಬಾನೆಟ್ ತುಸು ಮೇಲೇಳುತ್ತದೆ, ಎಂಜಿನ್ ದನಿ ತಗ್ಗುತ್ತದೆ. ಕ್ಲಚ್ ಹಿಡಿಯಿತು ಎಂದು ಅರ್ಥ. ಕಾಲನ್ನು ಅಲ್ಲೇ ತಡೆದು ಹ್ಯಾಂಡ್‌ಬ್ರೇಕ್ ಬಿಡಿ. ಗಾಡಿ ಒಂದಿಂಚೂ ಹಿಂದೆ ಬರುವುದಿಲ್ಲ.

ಅರ್ಧ ಕ್ಲಚ್ಚಿನ ಮೇಲೆ ಗಾಡಿಯನ್ನು ಏರಿನಲ್ಲಿ ನಿಲ್ಲಿಸಿಕೊಂಡಿರುವುದನ್ನು ಮಾತ್ರ ರೂಢಿ ಮಾಡಿಕೊಳ್ಳಬೇಡಿ. ಕ್ಲಚ್ ಪ್ಲೇಟು ಸುಡುವುದು ಹತ್ತುವುದರಿಂದಲ್ಲ, ಹೀಗೆ ನಿಂತಲ್ಲೇ ತೇಯುವುದರಿಂದ. ಮುಂದಿನ ಲಾರಿಗೆ ಕನಿಷ್ಠ ಎರಡು ಕಾರಿನಷ್ಟು ಅಂತರ ಬಿಡಿ, ಅದೂ ಹಿಂದೆ ಜಾರಬಹುದು. ಹೇರ್‌ಪಿನ್ ತಿರುವಿನಲ್ಲಿ ಉದ್ದನೆಯ ಲಾರಿಗೆ ಪೂರ್ತಿ ರಸ್ತೆ ಬೇಕು. ಎದುರಿನಿಂದ ಅದು ತಿರುಗುತ್ತಿದ್ದರೆ ತಿರುವಿಗೆ ಮೊದಲೇ ನಿಂತು ಬಿಟ್ಟುಕೊಡಿ. ಉಳಿದಂತೆ ಇಕ್ಕಟ್ಟಿನ ಘಟ್ಟದಲ್ಲಿ ಹತ್ತುವವರಿಗೇ ಮೊದಲ ದಾರಿ, 2017ರ ಮೋಟಾರು ವಾಹನ ಚಾಲನಾ ನಿಯಮಗಳೂ ಇದನ್ನೇ ಹೇಳುತ್ತವೆ. ಕಾಣದ ತಿರುವಿನಲ್ಲಿ ಹಾರ್ನ್, ಎಡಬದಿ, ಓವರ್‌ಟೇಕ್ ಇಲ್ಲ.

ಏರಿನಲ್ಲಿ ಶಾಖದ ಮುಳ್ಳು ಮೇಲೇರಿದರೆ ಏಸಿ ಬಂದ್ ಮಾಡಿ, ಹೀಟರನ್ನು ಪೂರ್ತಿ ತಿರುವಿ ಗಾಜು ಇಳಿಸಿ. ಒಳಗೆ ಸೆಖೆಯಾಗುತ್ತದೆ, ಎಂಜಿನ್ ಉಳಿಯುತ್ತದೆ. ಆದರೂ ಇಳಿಯದಿದ್ದರೆ ನಿಲ್ಲಿಸಿ. ರೇಡಿಯೇಟರ್ ಮುಚ್ಚಳಕ್ಕೆ ಬಿಸಿಯಲ್ಲಿ ಕೈ ಹಾಕಬೇಡಿ, ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಚಿಮ್ಮುತ್ತದೆ.

ಪ್ರಶ್ನೆ: ನಮ್ಮದು ಆಟೊಮ್ಯಾಟಿಕ್, ತಮ್ಮನದು ವಿದ್ಯುತ್ ಕಾರು, ಮಾವನವರದು ಸಿಎನ್‌ಜಿ. ಮೂವರಿಗೂ ಇದೇ ಮಾತು ಅನ್ವಯಿಸುತ್ತದೆಯೇ?
– ಗೋಕುಲ ರಸ್ತೆ, ಹುಬ್ಬಳ್ಳಿ

ಉತ್ತರ: ತತ್ವ ಒಂದೇ. ಆಟೊಮ್ಯಾಟಿಕ್‌ನಲ್ಲಿ ಇಳಿಯುವಾಗ 'ಡಿ'ಯಲ್ಲೇ ಬಿಡದೆ 'ಎಲ್' ಅಥವಾ ಮ್ಯಾನುಯಲ್ ಮೋಡಿಗೆ ಹಾಕಿ ಕೆಳಗಿನ ಗೇರು ಹಿಡಿಯಿರಿ. ವಿದ್ಯುತ್ ಕಾರಿನಲ್ಲಿ ರೀಜೆನ್ (ಮೋಟಾರೇ ವೇಗ ತಡೆದು ಬ್ಯಾಟರಿ ತುಂಬುವ ವ್ಯವಸ್ಥೆ) ಹೆಚ್ಚಿನ ಹಂತಕ್ಕೆ ಇಡಿ, ಆದರೆ ಘಟ್ಟದ ತಲೆಯಲ್ಲಿ ಬ್ಯಾಟರಿ ಶೇ 100 ತುಂಬಿಸಿ ಇಳಿಯಬೇಡಿ. ತುಂಬಿದ ಬ್ಯಾಟರಿಗೆ ಹೊಸ ಚಾರ್ಜ್ ಹಿಡಿಯಲು ಜಾಗವಿಲ್ಲದೆ ರೀಜೆನ್ ಕೆಲಸ ನಿಲ್ಲಿಸುತ್ತದೆ, ಭಾರವೆಲ್ಲ ಬ್ರೇಕಿಗೆ ಬೀಳುತ್ತದೆ. ಹುಬ್ಬಳ್ಳಿಯಲ್ಲಿ ತುಂಬಿಸಿ ಹೊರಟರೆ ಅರಬೈಲ್ ತಲುಪುವ ಹೊತ್ತಿಗೆ ಜಾಗವಾಗಿರುತ್ತದೆ, ಚಿಂತೆಯಿಲ್ಲ. ಯಲ್ಲಾಪುರದಲ್ಲಿ ತಂಗಿ ಅಲ್ಲೇ ಚಾರ್ಜ್ ಮಾಡುವವರು ಶೇ 80ಕ್ಕೆ ನಿಲ್ಲಿಸಿ. ಸಿಎನ್‌ಜಿ ಕಾರಿಗೆ ಏರಿನಲ್ಲಿ ಜೋರು ಕಡಿಮೆ. ಘಟ್ಟದ ಬುಡದಲ್ಲೇ ಪೆಟ್ರೋಲಿಗೆ ಬದಲಿಸಿ.

ಪ್ರಶ್ನೆ: ಗೋಕರ್ಣದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ ಮೇಲೆ ಹಾವೇರಿಗೆ ಬರುವಾಗ ಮುಂದಿನ ಗಾಜು ಮಸುಕಾಗಿ ಏನೂ ಕಾಣಲಿಲ್ಲ. ಬಟ್ಟೆಯಿಂದ ಒರೆಸಿದರೂ ಮತ್ತೆ ಹಾಗೇ. ಏಸಿ ಹಾಕಬೇಕೋ ಬಂದ್ ಮಾಡಬೇಕೋ?
– ಹಾನಗಲ್ಲ, ಹಾವೇರಿ ಜಿಲ್ಲೆ

ಉತ್ತರ: ಮೊದಲು ಬೆರಳಿಂದ ಗಾಜಿನ ಒಳಬದಿ ಉಜ್ಜಿ ನೋಡಿ. ಗೆರೆ ಮೂಡಿದರೆ ತೇವ ಒಳಗಿನದು, ಮೂಡದಿದ್ದರೆ ಹೊರಗಿನದು. ಎರಡಕ್ಕೂ ಮದ್ದು ಬೇರೆ.

ಕರಾವಳಿಯಲ್ಲಿ ಸಾಮಾನ್ಯವಾಗಿ ಹೊರಬದಿ. ಹೊರಗೆ ಸೆಖೆ, ತೇವದ ಗಾಳಿ. ಒಳಗೆ ಜೋರು ಏಸಿಯಿಂದ ಗಾಜು ತಣ್ಣಗಾಗಿದೆ. ತಣ್ಣೀರಿನ ಲೋಟದ ಹೊರಮೈ ಬೆವರಿದಂತೆ ಗಾಜು ಬೆವರುತ್ತದೆ. ವೈಪರ್ ಹಾಕಿ, ಏಸಿಯ ಚಳಿ ಕಡಿಮೆ ಮಾಡಿ, ಗಾಳಿಯನ್ನು ಗಾಜಿನ ಕಡೆಯಿಂದ ತಿರುಗಿಸಿ. ಘಟ್ಟ ಹತ್ತಿದ ಮೇಲೆ ಇದು ಉಲ್ಟಾ. ಹೊರಗೆ ತಂಪು, ಒಳಗೆ ಐದು ಜನರ ಉಸಿರು, ಸಮುದ್ರದಲ್ಲಿ ನೆನೆದ ಬಟ್ಟೆ. ಆಗ ಏಸಿ ಹಾಕಿಯೇ ಇರಬೇಕು, ಏಕೆಂದರೆ ಅದು ಗಾಳಿಯ ತೇವ ಹಿಂಡುತ್ತದೆ. ಜೊತೆಗೆ ಶಾಖದ ಗುಂಡಿಯನ್ನು ಬಿಸಿಯ ಕಡೆಗೆ, ಗಾಳಿಯನ್ನು ಮುಂದಿನ ಗಾಜಿಗೆ, ಹೊರಗಾಳಿ ಬರುವ ಗುಂಡಿ ಒತ್ತಿ. ಒಳಗಾಳಿಯನ್ನೇ ಸುತ್ತಿಸಿದರೆ ಮಸುಕು ಹೋಗುವುದಿಲ್ಲ. ನಿಮಗೆ ಬಹುಶಃ ಇದೇ ಆಗಿತ್ತು.

ರಸ್ತೆಯಲ್ಲೇ ಮಂಜಿದ್ದರೆ ಡಿಮ್ ದೀಪ ಇರಲಿ. ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಮರಳುತ್ತದೆ. ಓಡುತ್ತಿರುವಾಗ ನಾಲ್ಕೂ ಇಂಡಿಕೇಟರ್ ಮಿಣುಕಿಸಬೇಡಿ. ಹಿಂದಿನವರಿಗೆ ನೀವು ನಿಂತಿದ್ದೀರೋ ತಿರುಗುತ್ತೀರೋ ತಿಳಿಯುವುದಿಲ್ಲ.

ಪ್ರಶ್ನೆ: ಹೊರಡುವ ಮೊದಲು ಮನೆಯಲ್ಲೇ ಏನೇನು ನೋಡಿಕೊಳ್ಳಬೇಕು?
– ಲಕ್ಷ್ಮೇಶ್ವರ, ಗದಗ ಜಿಲ್ಲೆ

ಉತ್ತರ: ಕೂಲಂಟ್, ಎಂಜಿನ್ ಆಯಿಲ್, ವೈಪರ್ ರಬ್ಬರ್, ದೀಪಗಳನ್ನು ಎಲ್ಲರೂ ನೋಡುತ್ತಾರೆ. ಬಿಟ್ಟುಹೋಗುವುದು ಸ್ಟೆಪ್ನಿ. ಅದರ ಗಾಳಿ ನೋಡಿಸಿ. ಆಮೇಲೆ ಮನೆ ಮುಂದೆಯೇ ಗಾಡಿಯ ಜೊತೆ ಬಂದ ಪಾನದಿಂದ ನಾಲ್ಕೂ ಗಾಲಿಯ ಒಂದೊಂದು ನಟ್ಟು ಸಡಿಲಿಸಿ ಬಿಗಿಯಿರಿ. ಟೈರ್ ಅಂಗಡಿಯಲ್ಲಿ ಗಾಳಿ ಯಂತ್ರದಿಂದ ಬಿಗಿದ ನಟ್ಟು ಎಷ್ಟೋ ಸಲ ಆ ಗಿಡ್ಡ ಪಾನಕ್ಕೆ ಜಗ್ಗುವುದೇ ಇಲ್ಲ. ಅದು ಗೊತ್ತಾಗುವುದು ಅಣಶಿಯ ಕಾಡಿನಲ್ಲಿ ಆಗಬಾರದು. ಜಗ್ಗದಿದ್ದರೆ ಉದ್ದ ಹಿಡಿಯ ಪಾನ ಕೊಳ್ಳಿ. ಪಂಕ್ಚರ್ ಆದಾಗ ಇಳಿಜಾರಿನಲ್ಲಿ ಜಾಕ್ ಹಚ್ಚಬೇಡಿ, ಟೈರ್ ಹಾಳಾದರೂ ಸರಿ, ಸಮತಟ್ಟಾದ ಜಾಗಕ್ಕೆ ಮೆಲ್ಲಗೆ ಒಯ್ಯಿರಿ. ಗಾಲಿ ನೆಲದ ಮೇಲಿದ್ದಾಗಲೇ ನಟ್ಟು ಅರ್ಧ ಸುತ್ತು ಸಡಿಲಿಸಿ, ಆಮೇಲೆ ಎತ್ತಿ. ಹೊಸ ಗಾಲಿ ಹಾಕಿ 50 ಕಿ.ಮೀ. ಓಡಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿಯಿರಿ.

ಟೈರಿನ ಗಾಳಿಯನ್ನು ಬೆಳಿಗ್ಗೆ ತಣ್ಣಗಿದ್ದಾಗ ನೋಡಿ. ಎಷ್ಟಿರಬೇಕೆಂದು ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿದೆ, ಐದು ಜನ ಮತ್ತು ಸಾಮಾನಿದ್ದಾಗಿನ ಅಂಕಿ ಬೇರೆ ಇರುತ್ತದೆ. ಓಡಿ ಬಿಸಿಯಾದಾಗ ಒತ್ತಡ ಮೂರು-ನಾಲ್ಕು ಪಿಎಸ್‌ಐ ಏರುವುದು ಸಹಜ, ಹೆಚ್ಚಾಯಿತೆಂದು ಗಾಳಿ ಬಿಡಬೇಡಿ. ಟೈರಿನ ಹಲ್ಲು 1.6 ಮಿ.ಮೀ.ಗಿಂತ ಸವೆದಿದ್ದರೆ ಕಾನೂನಿಗೇ ವಿರುದ್ಧ. ಒದ್ದೆ ಘಟ್ಟಕ್ಕೆ 3 ಮಿ.ಮೀ. ಆದರೂ ಇರಲಿ.

ಪ್ರಶ್ನೆ: ಮಕ್ಕಳಿಗೆ ತಿರುವಿನಲ್ಲಿ ವಾಂತಿ ಆಗತದ್ರಿ. ಏನರ ಉಪಾಯ?
– ರಾಣೆಬೆನ್ನೂರು

ಉತ್ತರ: ಹೊರಡುವ ಮೊದಲು ಮಿರ್ಚಿ, ಗಿರಮಿಟ್ಟು ಬೇಡ, ಖಾಲಿ ಹೊಟ್ಟೆಯೂ ಬೇಡ. ಎರಡು ಇಡ್ಲಿ ಸಾಕು. ತಿರುವುಗಳಲ್ಲಿ ಮೊಬೈಲ್, ಪುಸ್ತಕ ಕೊಡಬೇಡಿ. ದೂರದ ರಸ್ತೆ ಕಾಣುವಂತೆ ಹಿಂದಿನ ಸೀಟಿನ ನಡುವೆ ಬೆಲ್ಟ್ ಹಾಕಿ ಕೂಡಿಸಿ. ಗಾಜು ಎರಡು ಬೆರಳು ಇಳಿಸಿ. ಮಾತ್ರೆ ಕೊಡುವುದಾದರೆ ವಯಸ್ಸು, ತೂಕ ಹೇಳಿ ವೈದ್ಯರಿಂದ ಬರೆಸಿಕೊಳ್ಳಿ. ವಾಂತಿ ಶುರುವಾದ ಮೇಲೆ ಕೊಟ್ಟರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಘಟ್ಟಕ್ಕೆ ಒಂದು ತಾಸು ಮೊದಲೇ ಕೊಡಬೇಕು. ಗಾಡಿ ನಡೆಸುವವರು ಅದೇ ಮಾತ್ರೆ ನುಂಗಬಾರದು, ನಿದ್ದೆ ಬರುತ್ತದೆ. ಅರ್ಧದಷ್ಟು ವಾಂತಿ ಚಾಲಕರ ಕೈಯಲ್ಲಿದೆ: ತಿರುವಿನೊಳಗೆ ಬ್ರೇಕ್ ಒತ್ತದೆ, ತಿರುವಿಗೆ ಮೊದಲೇ ಗೇರು ಇಳಿಸಿ ಒಂದೇ ಸಮನೆ ತಿರುಗಿಸಿದರೆ ಹಿಂದಿನ ಸೀಟಿನವರ ಹೊಟ್ಟೆ ತೊಳಸುವುದಿಲ್ಲ.