ಹಾಸನದ ಮಕ್ಕಳಲ್ಲೂ ಈಗ ಕಡಲೆಬೀಜದ ಅಲರ್ಜಿ ಕೇಳಿಬರುತ್ತಿದೆ. ಪ್ಯಾಕೆಟ್ ತಿಂಡಿಯೇ ಕಾರಣವೇ?

ಪ್ಯಾಕೆಟ್ ತಿಂಡಿಯೇ ಮುಖ್ಯ ಕಾರಣ ಅನ್ನಲು ಗಟ್ಟಿ ಪುರಾವೆ ಇಲ್ಲ. ಕೂಸಿಗೆ ಆ ಆಹಾರ ಮೊದಲು ಪರಿಚಯವಾಗುವುದು ಬಾಯಿಂದಲೋ ಚರ್ಮದಿಂದಲೋ ಎಂಬುದೇ ಹೆಚ್ಚು ಮುಖ್ಯ.

ಹೊಟ್ಟೆಗೆ ಹೋದದ್ದನ್ನು ದೇಹದ ರೋಗನಿರೋಧಕ ವ್ಯವಸ್ಥೆ ಸಾಮಾನ್ಯವಾಗಿ ಊಟವೆಂದು ಒಪ್ಪಿಕೊಳ್ಳುತ್ತದೆ. ಅದೇ ಕಡಲೆಬೀಜದ ಕಣ ಇಸುಬಿನಿಂದ ಬಿರಿದ ಚರ್ಮದ ಮೂಲಕ ಒಳಹೊಕ್ಕರೆ ಶತ್ರುವೆಂದು ಗುರುತಿಟ್ಟುಕೊಳ್ಳಬಹುದು. ಮುಂದೆ ತಿಂದಾಗ ದದ್ದು, ಊತ, ಕೆಲವೊಮ್ಮೆ ಉಸಿರಾಟದ ತೊಂದರೆ.

ಅಮೆರಿಕದ ಮಕ್ಕಳ ವೈದ್ಯರ ಸಂಘ 2000ರಲ್ಲಿ, ಅಪಾಯವಿರುವ ಮಕ್ಕಳಿಗೆ 3 ವರ್ಷದವರೆಗೆ ಕಡಲೆಬೀಜ ಬೇಡ ಎಂದಿತ್ತು. 2008ರಲ್ಲಿ ಆ ಸಲಹೆ ಕೈಬಿಟ್ಟಿತು. 640 ಕೂಸುಗಳ ಮೇಲೆ ಲಂಡನ್ನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗ ಉಲ್ಟಾ ತೋರಿಸಿತು: ವರ್ಷ ತುಂಬುವ ಮೊದಲೇ ತಿನ್ನಿಸತೊಡಗಿದವರಲ್ಲಿ 5ನೇ ವಯಸ್ಸಿಗೆ ಅಲರ್ಜಿ ಸುಮಾರು ಶೇ. 80ರಷ್ಟು ಕಡಿಮೆ.

ನಮ್ಮ ಕಡೆ ಅಜ್ಜಿಯರು ಮನೆಯ ಅಡುಗೆಯನ್ನೇ ಕಿವುಚಿ ಕೂಸಿಗೆ ತಿನ್ನಿಸುತ್ತಿದ್ದುದು ಸರಿಯಾಗೇ ಇತ್ತು. (ಪ್ಯಾಕೆಟ್ ತಿಂಡಿಯನ್ನು ಬೈಯಲು ಅದರ ಉಪ್ಪು, ಸಕ್ಕರೆಯೇ ಸಾಕು.) ಆರು ತಿಂಗಳಾದ ಮೇಲೆ ಹುರಿದ ಕಡಲೆಬೀಜದ ನುಣ್ಣನೆ ಪುಡಿಯನ್ನು ರಾಗಿ ಸರಿಗೆ ಬೆರೆಸಿ ಕೊಡಿ. ಇಡೀ ಬೀಜ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದರೆ ಮೊದಲು ಮಕ್ಕಳ ಡಾಕ್ಟರನ್ನು ಕೇಳಿ.