ಓಡಾಟದ ಖರ್ಚು ಕೇಳಬಹುದಾ?

ಹಳ್ಳಿಯ ಮನೆಯಿಂದಲೇ ಒಳಾಂಗಣ ವಿನ್ಯಾಸ ಮಾಡುತ್ತೇನೆ, ಗ್ರಾಹಕರೆಲ್ಲ ದೂರ, ಓಡಾಟದ ಖರ್ಚು ಕೇಳಬಹುದಾ ಎಂದಿದ್ದೀರಿ. ಧಾರಾಳವಾಗಿ ಕೇಳಿ. ಬರೀ ಪೆಟ್ರೋಲ್ ಲೆಕ್ಕ ಹಾಕಬೇಡಿ, ಹೋಗಿ ಬರುವ ಹೊತ್ತೂ ದುಡಿಮೆಯೇ ಅಲ್ವಾ? ಶುಲ್ಕದಲ್ಲಿ ಎಷ್ಟು ಭೇಟಿ ಸೇರಿದೆ, ಅದಕ್ಕಿಂತ ಜಾಸ್ತಿಯಾದರೆ ಎಷ್ಟು ಅಂತ ಕರಾರಿನಲ್ಲೇ ಬರೆದುಬಿಡಿ. ಆಮೇಲೆ ಮುಜುಗರ ಇರುವುದಿಲ್ಲ.

ನನ್ನ ಕೇಳಿದರೆ, ಭೇಟಿಗಳನ್ನೇ ಕಡಿಮೆ ಮಾಡುವುದು ಇನ್ನೂ ಮುಖ್ಯ. ಮೊದಲ ಸಲ ಹೋದಾಗಲೇ ಲೇಸರ್ ಮೀಟರಿನಲ್ಲಿ ಎಲ್ಲ ಅಳೆಯಿರಿ. ಗೋಡೆಗಳ ಉದ್ದ ಸಾಲದು, ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆಯಿರಿ. ಎದುರುಬದುರು ಗೋಡೆಗಳು ಸಮ ಇದ್ದೂ ಕರ್ಣಗಳು ಬೇರೆ ಬಂದರೆ ಕೋಣೆ ಓರೆಯಾಗಿದೆ ಎಂದರ್ಥ. ಹಳೇ ಮನೆಗಳಲ್ಲಿ ಇದು ಮಾಮೂಲು. ಗೊತ್ತಿಲ್ಲದೆ ವಾರ್ಡ್‌ರೋಬ್ ಮಾಡಿಸಿದರೆ ಮೂಲೆಯಲ್ಲಿ ಸರಿಯಾಗಿ ಕೂರುವುದೇ ಇಲ್ಲ. ಸ್ವಿಚ್‌ಬೋರ್ಡ್, ನೀರಿನ ಪೈಪ್, ಬಾಗಿಲು ತೆರೆಯುವ ದಿಕ್ಕು, ಇವುಗಳ ಫೋಟೋ ಇರಲಿ.

ಚರ್ಚೆಯೆಲ್ಲ ವಿಡಿಯೋ ಕರೆಯಲ್ಲೇ ಮುಗಿಸಬಹುದು. ಬಣ್ಣ ಮಾತ್ರ ಬೇಡ. ಒಂದೊಂದು ಫೋನಿನಲ್ಲಿ ಒಂದೊಂದು ತರ ಕಾಣುತ್ತದೆ. ಎ4 ಹಾಳೆಗೆ ಎರಡು ಕೋಟ್ ಬಳಿದು ಅಂಚೆಯಲ್ಲಿ ಕಳಿಸಿ. ಹಗಲಲ್ಲೂ, ರಾತ್ರಿ ದೀಪದಲ್ಲೂ ಗೋಡೆಗಿಟ್ಟು ನೋಡಲು ಹೇಳಿ. 2700 ಕೆಲ್ವಿನ್ ಬಲ್ಬಿನ ಹಳದಿ ಬೆಳಕಿನಲ್ಲಿ ತಿಳಿ ನೀಲಿ ಮಂಕಾಗಿಬಿಡುತ್ತದೆ.

ಸುಮ್ನೆ ಸ್ಟುಡಿಯೋಗೆ ಈಗಲೇ ದುಡ್ಡು ಸುರಿಯಬೇಡಿ. ಸ್ಯಾಂಪಲ್ ಇಡಲು ತೇವ ತಾಗದ ಒಂದು ಕಪಾಟು ಸಾಕು.